ಮುಂದುವರಿದ ಜಠರದ ಕ್ಯಾನ್ಸರ್: ಯಾವ ಶಸ್ತ್ರಚಿಕಿತ್ಸೆ, ಯಾವಾಗ, ಎಲ್ಲಿ

ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಹೊಟ್ಟೆಯ ಕ್ಯಾನ್ಸರಿನ ಮಾತು ಬಂದಾಗಲೆಲ್ಲ ಎರಡು ವಾಕ್ಯಗಳು ಕಿವಿಗೆ ಬೀಳುತ್ತವೆ. ಒಂದು, ‘ಕತ್ತಿ ಹಚ್ಚಿದರ ಹಬ್ತದ’. ಇನ್ನೊಂದು, ‘ತೆರೆದು ನೋಡಿ ಹಂಗೇ ಮುಚ್ಯಾರ’. ಮೊದಲನೆಯದು ತಪ್ಪು ತಿಳಿವಳಿಕೆ. ಕತ್ತಿ ತಾಗಿದ್ದರಿಂದಲೋ ಗಾಳಿ ಸೋಕಿದ್ದರಿಂದಲೋ ಜಠರದ ಕ್ಯಾನ್ಸರ್ ಹರಡುವುದಿಲ್ಲ. ಎರಡನೆಯದು ಮಾತ್ರ ಎಷ್ಟೋ ಮನೆಗಳಲ್ಲಿ ನಿಜವಾಗಿ ನಡೆದದ್ದು, ಮತ್ತು ಮೊದಲನೆಯ ನಂಬಿಕೆ ಬೇರೂರಿರುವುದಕ್ಕೆ ಅದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಹರಡಿದ ರೋಗವನ್ನು ಹರಡಿಲ್ಲವೆಂದು ಭಾವಿಸಿ ಹೊಟ್ಟೆ ತೆರೆದರೆ ವೈದ್ಯರು ಮುಚ್ಚದೆ ಬೇರೇನೂ ಮಾಡಲಾರರು. ಮನೆಗೆ ಬಂದ ರೋಗಿ ಎರಡು ಮೂರು ತಿಂಗಳಲ್ಲಿ ಕ್ಷೀಣಿಸಿದರೆ ನೋಡಿದವರು ಅದನ್ನು ಕತ್ತಿಯ ಲೆಕ್ಕಕ್ಕೆ ಬರೆಯುತ್ತಾರೆ.

ಆದ್ದರಿಂದ ಈ ಬರಹದಲ್ಲಿ ದೊಡ್ಡ ಆಸ್ಪತ್ರೆಯೋ ಸಣ್ಣದೋ, ದುರ್ಬೀನೋ (ಲ್ಯಾಪರೋಸ್ಕೋಪಿ) ರೋಬೋಟೋ ಎಂಬ ಹೋಲಿಕೆ ಹಿಂದಕ್ಕೆ ಉಳಿಯುತ್ತದೆ. ಮೊದಲು ಹೋಲಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ಉದ್ದೇಶಗಳನ್ನು. ರೋಗವನ್ನು ಬೇರುಸಹಿತ ತೆಗೆಯಲು ಮಾಡುವ ಆಪರೇಷನ್ ಬೇರೆ, ತಿಂದ ಅನ್ನ ಕೆಳಗಿಳಿಯಲಿ ಎಂದು ಮಾಡುವ ಆಪರೇಷನ್ ಬೇರೆ. ಒಂದರ ನಿರೀಕ್ಷೆಯಿಟ್ಟುಕೊಂಡು ಇನ್ನೊಂದಕ್ಕೆ ಸಹಿ ಹಾಕಿದ ಕುಟುಂಬಗಳ ನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

‘ಮುಂದುವರಿದ’ ಎಂಬ ಮಾತಿನ ಎರಡು ಅರ್ಥಗಳು

ಈ ಒಂದು ಪದವನ್ನು ವೈದ್ಯರು ಎರಡು ಅರ್ಥದಲ್ಲಿ ಬಳಸುತ್ತಾರೆ, ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಜಠರದ ಗೋಡೆಗೆ ಪದರಗಳಿವೆ. ಕ್ಯಾನ್ಸರ್ ಒಳಗಿನ ಎರಡು ಪದರಗಳಲ್ಲಿಯೇ ನಿಂತಿದ್ದರೆ ಅದು ಆರಂಭಿಕ ಹಂತ, ವರದಿಯಲ್ಲಿ ಟಿ1. ಸ್ನಾಯುಪದರಕ್ಕೆ ಇಳಿದರೆ ಟಿ2, ಅದನ್ನು ದಾಟಿದರೆ ಟಿ3, ಹೊರಪೊರೆಯನ್ನು ಸೀಳಿಕೊಂಡು ಬಂದರೆ ಅಥವಾ ಪಕ್ಕದ ಅಂಗಕ್ಕೆ ಅಂಟಿದರೆ ಟಿ4. ಟಿ2ರಿಂದ ಆಚೆಗಿನದ್ದನ್ನೆಲ್ಲ, ದೂರದ ಅಂಗಗಳಿಗೆ ಹರಡಿರದಿದ್ದರೂ, ಮುಂದುವರಿದದ್ದು ಎನ್ನುವುದುಂಟು. ಯಕೃತ್ತಿಗೆ, ಶ್ವಾಸಕೋಶಕ್ಕೆ, ಉದರದ ಒಳಪೊರೆಗೆ ಹಬ್ಬಿದ ನಾಲ್ಕನೆಯ ಹಂತವನ್ನೂ ಅದೇ ಮಾತಿನಿಂದ ಕರೆಯುತ್ತಾರೆ. ಮೊದಲ ಗುಂಪಿನ ರೋಗಿಗೆ ಗುಣವಾಗುವ ದಾರಿ ಇನ್ನೂ ತೆರೆದಿದೆ. ಎರಡನೆಯ ಗುಂಪಿನಲ್ಲಿ ಚಿಕಿತ್ಸೆಯ ಗುರಿ ಬಹುಮಟ್ಟಿಗೆ ಆಯುಷ್ಯವನ್ನು ಹೆಚ್ಚಿಸುವುದು ಮತ್ತು ಯಾತನೆಯನ್ನು ತಗ್ಗಿಸುವುದು. ‘ಅಡ್ವಾನ್ಸ್ ಆಗಿದೆ’ ಎಂದು ಹೇಳಿದ ಕೂಡಲೇ ಕೈಚೆಲ್ಲಿ ಊರಿಗೆ ಮರಳುವ ಬದಲು, ಗೋಡೆಯಲ್ಲಿ ಆಳಕ್ಕೆ ಹೋಗಿದೆಯೋ, ದೂರಕ್ಕೆ ಹರಡಿದೆಯೋ ಎಂದು ಕೇಳಬೇಕು.

ಈ ಪ್ರಶ್ನೆಗೆ ಎಂಡೋಸ್ಕೋಪಿ ಮತ್ತು ಬಯಾಪ್ಸಿ ಉತ್ತರ ಕೊಡಲಾರವು. ಅವು ರೋಗ ಯಾವುದು, ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತವೆ. ಎದೆ, ಹೊಟ್ಟೆ, ಕಿಬ್ಬೊಟ್ಟೆಗಳ ಸಿ.ಟಿ. ಸ್ಕ್ಯಾನ್ ಹರಡುವಿಕೆಯ ಬಹುಪಾಲನ್ನು ತೋರಿಸುತ್ತದೆಯಾದರೂ ಉದರದ ಒಳಪೊರೆಯ ಮೇಲೆ ರವೆಯ ಕಾಳಿನಂತೆ ಉದುರಿಬಿದ್ದ ಸಣ್ಣ ಗಂಟುಗಳು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಜಠರದ ಕ್ಯಾನ್ಸರ್ ಹರಡಲು ಇಷ್ಟಪಡುವ ಜಾಗವೇ ಅದು. ಅದಕ್ಕಾಗಿಯೇ ಟಿ3, ಟಿ4 ಹಂತದ ಅಥವಾ ಜಠರದ ಸುತ್ತಲಿನ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ದಪ್ಪವಾಗಿರುವ ರೋಗಿಗಳಲ್ಲಿ ದೊಡ್ಡ ಆಪರೇಷನ್‌ಗೆ ಮೊದಲು ಲ್ಯಾಪರೋಸ್ಕೋಪಿ ಮಾಡಿ ನೋಡುವ ಪದ್ಧತಿ ಬಂದಿದೆ. ಹೊಕ್ಕುಳಿನ ಹತ್ತಿರ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಒಳಪೊರೆಯನ್ನು ಕಣ್ಣಾರೆ ನೋಡುತ್ತಾರೆ; ಸಲೈನ್ ಹಾಕಿ ಹೊಟ್ಟೆಯನ್ನು ತೊಳೆದು ಆ ನೀರಿನಲ್ಲಿ ಕ್ಯಾನ್ಸರ್ ಕೋಶಗಳಿವೆಯೇ ಎಂದು ಪರೀಕ್ಷೆಗೆ ಕಳಿಸುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದರೂ ತೊಳೆದ ನೀರಿನಲ್ಲಿ ಕೋಶ ಸಿಕ್ಕರೆ ಅದು ನಾಲ್ಕನೆಯ ಹಂತವೇ.

ಒಂದೇ ಸಲಕ್ಕೆ ಮುಗಿಯುವುದನ್ನು ಎರಡು ಸಲ ಅರಿವಳಿಕೆ ಕೊಟ್ಟು ಯಾಕೆ ಮಾಡಬೇಕು ಎಂದು ಬೀಗರು, ಬಂಧುಗಳು ಕೇಳುವುದು ಸಹಜ. ಎದೆಯ ಕೆಳಗಿನಿಂದ ಹೊಕ್ಕುಳಿನವರೆಗೆ ಸೀಳಿ, ಏನೂ ಮಾಡಲಾಗದೆ ಮುಚ್ಚುವುದಕ್ಕೂ ಒಂದು ಬೆರಳಗಲದ ಗಾಯದೊಂದಿಗೆ ಮರುದಿನ ಮನೆಗೆ ಹೋಗುವುದಕ್ಕೂ ಇರುವ ಅಂತರವೇ ಅದಕ್ಕೆ ಉತ್ತರ. ಊಟ ಇಳಿಯದ ರೋಗಿಯಾದರೆ ಇದೇ ಸಂದರ್ಭದಲ್ಲಿ ಸಣ್ಣ ಕರುಳಿಗೆ ಆಹಾರದ ನಳಿಕೆಯನ್ನೂ ಕೂಡಿಸಬಹುದು, ಮುಂದಿನ ಚಿಕಿತ್ಸೆಯ ತಿಂಗಳುಗಳಲ್ಲಿ ಅದು ಜೀವ ಉಳಿಸುವ ದಾರಿಯಾಗುತ್ತದೆ.

ಮೊದಲು ಆಪರೇಷನ್ನೋ, ಮೊದಲು ಕೀಮೋವೋ

ಹರಡಿಲ್ಲವೆಂದು ಖಚಿತವಾದ ಮೇಲೆ ಬರುವ ಆಯ್ಕೆ ಇದು. ಕುಟುಂಬಗಳು ಹೆಚ್ಚು ತಪ್ಪುವುದೂ ಇಲ್ಲಿಯೇ. ಗಂಟು ಒಳಗಿಟ್ಟುಕೊಂಡು ಎರಡು ತಿಂಗಳು ಕೀಮೋ ಎಂದರೆ ಕಾಲಹರಣವೆಂದು ತೋರುತ್ತದೆ. ‘ಗಂಟು ಮೊದಲ ತೆಗೀರಿ, ಉಳಿದದ್ದು ಆಮೇಲೆ ನೋಡೋಣ’ ಎಂದು ಒತ್ತಾಯಿಸುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ, ಅವರ ಆತಂಕದಲ್ಲಿ ತಪ್ಪೇನೂ ಇಲ್ಲ. ಆದರೆ ಆಧಾರಗಳು ಬೇರೆ ದಿಕ್ಕನ್ನು ತೋರಿಸುತ್ತವೆ.

2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಮ್ಯಾಜಿಕ್ ಅಧ್ಯಯನದಲ್ಲಿ ಬರೀ ಆಪರೇಷನ್ ಆದವರಲ್ಲಿ 5 ವರ್ಷ ಬದುಕಿದವರು ಶೇ. 23, ಆಪರೇಷನ್ನಿನ ಹಿಂದೆ ಮುಂದೆ ಕೀಮೋ ಪಡೆದವರಲ್ಲಿ ಶೇ. 36. 2019ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ನಾಲ್ಕು ಔಷಧಗಳ ‘ಫ್ಲಾಟ್’ ಎಂಬ ಕ್ರಮವನ್ನು ಹಳೆಯ ಕ್ರಮದೊಂದಿಗೆ ಹೋಲಿಸಿತು. ಸರಾಸರಿ ರೋಗಿಯ ಆಯುಷ್ಯ 35 ತಿಂಗಳಿಂದ 50 ತಿಂಗಳಿಗೆ ಏರಿತು. ಎರಡು ವಾರಕ್ಕೊಮ್ಮೆ, ಆಪರೇಷನ್ನಿಗೆ ಮೊದಲು 4 ಸಲ, ನಂತರ 4 ಸಲ ಎಂಬುದು ಇದರ ಲೆಕ್ಕ. 2025ರಲ್ಲಿ ಇದಕ್ಕೆ ಡರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿಯನ್ನು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ) ಸೇರಿಸಿದ ಅಧ್ಯಯನದ ಫಲಿತಾಂಶವೂ ಬಂತು, ರೋಗ ಮರುಕಳಿಸುವುದು ಇನ್ನಷ್ಟು ಕಡಿಮೆಯಾಯಿತು. ಆದರೆ ಅದರ ಬೆಲೆ ಸದ್ಯಕ್ಕೆ ನಮ್ಮ ಬಹುಪಾಲು ಕುಟುಂಬಗಳ ಅಳವಿಗೆ ಮೀರಿದ್ದು. ಆಪರೇಷನ್ನಿಗೆ ಮೊದಲು ಕೀಮೋ ಜೊತೆ ವಿಕಿರಣವನ್ನೂ ಕೊಟ್ಟರೆ ಲಾಭವಿದೆಯೇ ಎಂದು ನೋಡಿದ 2024ರ ಟಾಪ್‌ಗೇರ್ ಅಧ್ಯಯನದಲ್ಲಿ ಆಯುಷ್ಯವೇನೂ ಹೆಚ್ಚಲಿಲ್ಲ.

ಮೊದಲೇ ಕೀಮೋ ಕೊಡುವುದರ ಹಿಂದೆ ಅಂಕಿಅಂಶಕ್ಕಿಂತ ಸರಳವಾದ ಒಂದು ಕಾರಣವಿದೆ. ಜಠರ ತೆಗೆಸಿಕೊಂಡ ಮನುಷ್ಯ ತೂಕ ಕಳೆದುಕೊಳ್ಳುತ್ತಾನೆ, ಊಟ ಸೇರುವುದಿಲ್ಲ, ಆಗ ಕೀಮೋ ಸಹಿಸುವ ತ್ರಾಣ ಉಳಿದಿರುವುದಿಲ್ಲ. ಮ್ಯಾಜಿಕ್ ಮತ್ತು ಫ್ಲಾಟ್ ಅಧ್ಯಯನಗಳೆರಡರಲ್ಲೂ ಪೂರ್ತಿ ಕೋರ್ಸ್ ಮುಗಿಸಲು ಆದದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಮೊದಲೇ ಕೊಟ್ಟ ಔಷಧ ಕೊಟ್ಟಂತೆಯೇ. ಆಮೇಲೆ ಕೊಡುತ್ತೇವೆ ಎಂದದ್ದು ಎಷ್ಟೋ ಸಲ ಆಗದ ಮಾತು.

ಆಪರೇಷನ್ನೇ ಮೊದಲಾಗಬೇಕಾದ ಸಂದರ್ಭಗಳಿಲ್ಲವೆಂದಲ್ಲ. ಜಠರ ತೂತಾದರೆ, ನಿಲ್ಲದ ರಕ್ತಸ್ರಾವವಾದರೆ ಕಾಯುವಂತಿಲ್ಲ. ಆಗ ಹತ್ತಿರದ, ರಾತ್ರಿಯೂ ಶಸ್ತ್ರಚಿಕಿತ್ಸಾ ತಂಡವಿರುವ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ. ಹೃದಯ, ಮೂತ್ರಪಿಂಡ ದುರ್ಬಲವಾಗಿ ಕೀಮೋ ತಡೆಯಲಾರದ ವೃದ್ಧರಿಗೂ ನೇರ ಆಪರೇಷನ್ ಯೋಗ್ಯವಾಗಬಹುದು. ಹಾಗೆ ಮೊದಲು ಆಪರೇಷನ್ ಆದವರು ಅಲ್ಲಿಗೇ ನಿಲ್ಲಿಸಬಾರದು. ಪೂರ್ವ ಏಷ್ಯಾದ ಕ್ಲಾಸಿಕ್ ಅಧ್ಯಯನದಲ್ಲಿ ಸುತ್ತಲಿನ ಗ್ರಂಥಿಗಳನ್ನೂ ಪೂರ್ಣವಾಗಿ ತೆಗೆದ ಶಸ್ತ್ರಚಿಕಿತ್ಸೆಯ ನಂತರ 6 ತಿಂಗಳು ಕೀಮೋ ಪಡೆದವರಲ್ಲಿ 3 ವರ್ಷ ರೋಗ ಮರಳದೆ ಉಳಿದವರು ಶೇ. 74, ಪಡೆಯದವರಲ್ಲಿ ಶೇ. 59.

ಇನ್ನೊಂದು ಮಾತು. ಬಯಾಪ್ಸಿಯ ತುಣುಕಿನ ಮೇಲೆ ಹರ್2 ಮತ್ತು ಎಂ.ಎಸ್.ಐ. ಎಂಬ, ಯಾವ ಔಷಧ ಫಲಿಸೀತು ಎಂದು ತಿಳಿಸುವ ಪರೀಕ್ಷೆಗಳನ್ನು ಆರಂಭದಲ್ಲಿಯೇ ಮಾಡಿಸಿದರೆ ಒಳ್ಳೆಯದು. ಎಂ.ಎಸ್.ಐ. ಹೆಚ್ಚಿರುವ ಕೆಲವರಲ್ಲಿ ರೂಢಿಯ ಕೀಮೋ ಅಷ್ಟಾಗಿ ಫಲಿಸುವುದಿಲ್ಲ, ಇಮ್ಯುನೋಥೆರಪಿ ಚೆನ್ನಾಗಿ ಫಲಿಸುತ್ತದೆ. ಹಾಗಿದ್ದಾಗ ಈ ಭಾಗದ ಲೆಕ್ಕವೇ ಬದಲಾಗುತ್ತದೆ.

ಅರ್ಧ ಜಠರವೋ, ಪೂರ್ತಿಯೋ

ಪೂರ್ತಿ ತೆಗೆದರೆ ರೋಗ ಪೂರ್ತಿ ಹೋಗುತ್ತದೆ ಎಂಬ ಎಣಿಕೆ ಕೇಳಲು ಸರಿಯೆನಿಸಿದರೂ ನಿಜವಲ್ಲ. ಗಂಟು ಜಠರದ ಕೆಳಭಾಗದಲ್ಲಿದ್ದು, ಅದರಿಂದ ಸಾಕಷ್ಟು ದೂರದಲ್ಲಿ ಕತ್ತರಿಸಲು ಸಾಧ್ಯವಿದ್ದರೆ, ಮೇಲಿನ ಭಾಗವನ್ನು ಉಳಿಸುವುದೇ ಲೇಸು. ಒತ್ತಟ್ಟಿಗೆ ಬೆಳೆದ ಗಂಟಿಗೆ ಸುಮಾರು 3 ಸೆಂಟಿಮೀಟರ್, ಬೇರಿನಂತೆ ಹರಡುತ್ತ ಬೆಳೆಯುವ ಬಗೆಗೆ 5 ಸೆಂಟಿಮೀಟರ್ ಅಂಚು ಬಿಡುವುದು ಜಪಾನಿನ ಮಾರ್ಗಸೂಚಿಯ ಅಳತೆ. ಇಟಲಿಯಲ್ಲಿ ಇವೆರಡನ್ನೂ ನೇರವಾಗಿ ಹೋಲಿಸಿದಾಗ 5 ವರ್ಷದ ಬದುಕುಳಿಯುವಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಭಾಗಶಃ ತೆಗೆದವರಲ್ಲಿ ಶೇ. 65, ಪೂರ್ತಿ ತೆಗೆದವರಲ್ಲಿ ಶೇ. 62. ಆಯುಷ್ಯ ಒಂದೇ ಆಗಿರುವಾಗ ಊಟ ಮಾಡುವ ಸುಖ ಹೆಚ್ಚಿರುವ ಕಡೆಗೆ ತಕ್ಕಡಿ ವಾಲಬೇಕು. ಗಂಟು ಮೇಲ್ಭಾಗದಲ್ಲಿದ್ದರೆ ಅಥವಾ ಜಠರವಿಡೀ ತೊಗಲಿನ ಚೀಲದಂತೆ ಗಡುಸಾಗಿದ್ದರೆ ಪೂರ್ತಿ ತೆಗೆದು ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುವುದು ಅನಿವಾರ್ಯ.

ಗ್ರಂಥಿಗಳ ಲೆಕ್ಕ

ರೋಗಿಯಾಗಲಿ ಮನೆಯವರಾಗಲಿ ಎಂದೂ ಕೇಳದ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ವಿಷಯ ಇದು. ಜಠರಕ್ಕೆ ಹೊಂದಿಕೊಂಡ ದುಗ್ಧರಸ ಗ್ರಂಥಿಗಳನ್ನು ಮಾತ್ರ ತೆಗೆದರೆ ಡಿ1. ಜಠರಕ್ಕೆ ರಕ್ತ ತರುವ ದೊಡ್ಡ ನಾಳಗಳ ಬುಡದ ಗ್ರಂಥಿಗಳನ್ನೂ ಬಿಡಿಸಿ ತೆಗೆದರೆ ಡಿ2. ಮುಂದುವರಿದ ಹಂತದಲ್ಲಿ, ಆಪರೇಷನ್ ತಾಳಿಕೊಳ್ಳುವ ರೋಗಿಗೆ ಡಿ2 ಆಗಬೇಕೆಂಬುದು ಈಗ ಪೂರ್ವ ಪಶ್ಚಿಮಗಳೆರಡೂ ಒಪ್ಪಿದ ಮಾತು. ಹಾಲೆಂಡಿನ ಹಳೆಯ ಅಧ್ಯಯನದ ಕಥೆ ಇಲ್ಲಿ ಪಾಠದಂತಿದೆ. ಆರಂಭದಲ್ಲಿ ಡಿ2 ಗುಂಪಿನಲ್ಲಿ ಆಪರೇಷನ್ನಿನ ಬೆನ್ನಿಗೇ ತೀರಿಕೊಂಡವರು ಶೇ. 10, ಡಿ1ರಲ್ಲಿ ಶೇ. 4, ಡಿ2 ವಿಫಲವೆಂದೇ ಎಲ್ಲರೂ ತಿಳಿದರು. 15 ವರ್ಷಗಳ ಲೆಕ್ಕ 2010ರಲ್ಲಿ ಬಂದಾಗ ಜಠರದ ಕ್ಯಾನ್ಸರಿನಿಂದ ಸತ್ತವರು ಡಿ2ರಲ್ಲಿ ಶೇ. 37, ಡಿ1ರಲ್ಲಿ ಶೇ. 48 ಎಂದು ಕಂಡಿತು. ಆರಂಭದ ಸಾವುಗಳಿಗೆ ಮುಖ್ಯ ಕಾರಣ ಗ್ರಂಥಿಗಳ ಜೊತೆಗೆ ಗುಲ್ಮವನ್ನೂ ಮೇದೋಜ್ಜೀರಕದ ಬಾಲವನ್ನೂ ಅಂದಿನ ರೂಢಿಯಂತೆ ತೆಗೆದದ್ದು. ಈಗ ಅವೆರಡನ್ನೂ ಉಳಿಸಿಕೊಂಡು ಡಿ2 ಮಾಡುತ್ತಾರೆ. ಅಂದರೆ ಡಿ2 ಎಂಬುದು ಹೆಚ್ಚು ಒಳ್ಳೆಯ ಆಪರೇಷನ್ ಹೌದು, ಪಳಗಿದ ಕೈಯಲ್ಲಿ ಮಾತ್ರ.

ಮಾಡಿದ್ದು ಡಿ2 ಹೌದೋ ಅಲ್ಲವೋ ಎಂಬುದಕ್ಕೆ ಸಾಮಾನ್ಯರೂ ಓದಬಹುದಾದ ಒಂದು ಪುರಾವೆಯಿದೆ. ಆಪರೇಷನ್ ಆದ ಎರಡು ವಾರಕ್ಕೆ ಬರುವ ಪೆಥಾಲಜಿ ವರದಿಯಲ್ಲಿ ಗ್ರಂಥಿಗಳ ಸಾಲಿನಲ್ಲಿ ಭಿನ್ನರಾಶಿಯಂಥ ಒಂದು ಅಂಕಿ ಇರುತ್ತದೆ. 3/24 ಎಂದರೆ 24 ಗ್ರಂಥಿಗಳನ್ನು ಪರೀಕ್ಷಿಸಿ, 3ರಲ್ಲಿ ಕ್ಯಾನ್ಸರ್ ಕಂಡಿದೆ ಎಂದರ್ಥ. ಕೆಳಗಿನ ಅಂಕಿ ಕನಿಷ್ಠ 16 ಇರಬೇಕು. ಆಳಂದ ತಾಲ್ಲೂಕಿನ ನನ್ನ ಸೋದರಮಾವನ ವರದಿಯಲ್ಲಿ ಇದ್ದದ್ದು 4/5. ಐದೇ ಗ್ರಂಥಿಗಳು, ಅದರಲ್ಲಿ ನಾಲ್ಕು ರೋಗಗ್ರಸ್ತ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ‘ಎಲ್ಲಾ ಕ್ಲೀನ್ ಆಗಿದೆ’ ಎಂದಿದ್ದರು. ನಾವೂ ಗಾಯದ ಹೊಲಿಗೆ ನೋಡಿ ಸಮಾಧಾನಪಟ್ಟಿದ್ದೆವು. ಒಂಬತ್ತು ತಿಂಗಳ ಮೇಲೆ ರೋಗ ಮರಳಿದಾಗ ಬೇರೆ ಊರಿನ ಕ್ಯಾನ್ಸರ್ ತಜ್ಞರು ಆ ಹಾಳೆಯ ಮೇಲೆ ಪೆನ್ನಿನ ತುದಿಯಿಟ್ಟು ಆ ‘5’ನ್ನು ತೋರಿಸಿದರು, ಏನೂ ಹೇಳಲಿಲ್ಲ. ವರದಿ ಕೈಗೆ ಬಂದ ದಿನವೇ ಅದನ್ನು ಓದಿ ಕೇಳಿದ್ದರೆ, ಕೀಮೋ ಬೇಡವೆಂದು ಸುಮ್ಮನಿರುವ ತಪ್ಪನ್ನಾದರೂ ನಾವು ಮಾಡುತ್ತಿರಲಿಲ್ಲ.

ತೆರೆದ ಆಪರೇಷನ್, ದುರ್ಬೀನು, ರೋಬೋಟ್

ಜಾಹೀರಾತುಗಳಲ್ಲಿ ಇದೇ ದೊಡ್ಡ ವಿಷಯ, ವಾಸ್ತವದಲ್ಲಿ ಸಣ್ಣದು. ಚೀನಾದ ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ 3 ವರ್ಷ ರೋಗ ಮರಳದೆ ಉಳಿದವರು ಲ್ಯಾಪರೋಸ್ಕೋಪಿಯಲ್ಲಿ ಶೇ. 76.5, ತೆರೆದ ಆಪರೇಷನ್ನಿನಲ್ಲಿ ಶೇ. 77.8. ಕೊರಿಯಾದ ಫಲಿತಾಂಶವೂ ಇದರಂತೆಯೇ. ಇವೆರಡೂ ಜಠರದ ಕೆಳಭಾಗದ ಆಪರೇಷನ್ನಿಗೆ ಸಂಬಂಧಿಸಿದವು, ಮಾಡಿದವರೆಲ್ಲರೂ ನುರಿತ ಶಸ್ತ್ರಜ್ಞರು. ಸಣ್ಣ ರಂಧ್ರದಿಂದ ನೋವು ಕಡಿಮೆ, ಚೇತರಿಕೆ ಬೇಗ. ಆದರೆ ನುರಿತ ಕೈಯ ತೆರೆದ ಡಿ2 ಮತ್ತು ಕಲಿಯುತ್ತಿರುವ ಕೈಯ ರೋಬೋಟ್ ಇವೆರಡರಲ್ಲಿ ಆರಿಸಬೇಕಾದರೆ ನಾನು ಎರಡನೆಯ ಯೋಚನೆಯಿಲ್ಲದೆ ಮೊದಲನೆಯದನ್ನು ಆರಿಸುತ್ತೇನೆ.

ರೋಗ ಹರಡಿದ್ದಾಗ

ದೂರಕ್ಕೆ ಹರಡಿದ ಮೇಲೂ ಮೂಲದ ಗಂಟನ್ನು ತೆಗೆದರೆ ಆಯುಷ್ಯ ಹೆಚ್ಚಬಹುದೇ ಎಂಬ ಆಸೆಗೆ ಉತ್ತರ ಸಿಕ್ಕಿದೆ. ಜಪಾನ್, ಕೊರಿಯಾ, ಸಿಂಗಪುರಗಳ ರೆಗಟ್ಟಾ ಅಧ್ಯಯನದಲ್ಲಿ 2 ವರ್ಷ ಬದುಕಿದವರು ಬರೀ ಕೀಮೋ ಪಡೆದವರಲ್ಲಿ ಶೇ. 32ರಷ್ಟು, ಜಠರ ತೆಗೆಸಿಕೊಂಡು ಕೀಮೋ ಪಡೆದವರಲ್ಲಿ ಶೇ. 25. ಅಂದರೆ ರೋಗಲಕ್ಷಣಗಳ ತೊಂದರೆಯಿಲ್ಲದಿರುವಾಗ, ಹರಡಿದ ರೋಗದಲ್ಲಿ ‘ಇರಲಿ, ತೆಗೆದುಬಿಡೋಣ’ ಎಂಬ ಆಪರೇಷನ್ನಿಂದ ಪ್ರಯೋಜನವಿಲ್ಲ. ಹೊಲ ಅಡವಿಟ್ಟು ಅಂಥದ್ದಕ್ಕೆ ಹಣ ಹೊಂದಿಸಬೇಡಿ.

ಜಠರದ ಕೆಳಬಾಯಿ ಕಟ್ಟಿ, ಉಂಡದ್ದೆಲ್ಲ ಸಂಜೆಗೆ ವಾಂತಿಯಾಗುತ್ತಿದ್ದರೆ ಲೆಕ್ಕ ಬೇರೆ. ಆಗಿನ ಆಯ್ಕೆ ಎರಡರ ನಡುವೆ. ಎಂಡೋಸ್ಕೋಪಿಯಿಂದ ಲೋಹದ ಜಾಲರಿಯ ಸ್ಟೆಂಟ್ ಕೂಡಿಸಿದರೆ ಒಂದೆರಡು ದಿನದಲ್ಲಿ ಗಂಜಿ ಇಳಿಯುತ್ತದೆ, ಆದರೆ ವಾರಗಳು ಕಳೆದಂತೆ ಅದು ಮತ್ತೆ ಕಟ್ಟಿಕೊಳ್ಳಬಹುದು. ಜಠರದ ಮೇಲ್ಭಾಗವನ್ನು ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ ಆಪರೇಷನ್ನಿನಲ್ಲಿ ಊಟ ಆರಂಭವಾಗುವುದು ತಡ, ಬಾಳಿಕೆ ಹೆಚ್ಚು. ಎರಡು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿದ್ದು, ಕೀಮೋ ತಡೆಯುವ ಶಕ್ತಿಯಿದ್ದರೆ ಬೈಪಾಸ್. ಅದಕ್ಕಿಂತ ಕಡಿಮೆಯೆಂದು ತೋರಿದರೆ ಸ್ಟೆಂಟ್. ಸಣ್ಣಗೆ ಒಸರುತ್ತಲೇ ಇರುವ ರಕ್ತಕ್ಕೆ ಆಪರೇಷನ್ ಬೇಕಾಗುವುದು ಅಪರೂಪ, ಕೆಲವೇ ದಿನಗಳ ವಿಕಿರಣ ಚಿಕಿತ್ಸೆಯಿಂದ ಬಹಳಷ್ಟು ಜನರಲ್ಲಿ ಅದು ನಿಲ್ಲುತ್ತದೆ.

ಎಲ್ಲಿ ಮಾಡಿಸುವುದು

ಬೀದರಿನವರಿಗೆ 140 ಕಿಲೋಮೀಟರ್ ದೂರದ ಹೈದರಾಬಾದ್, ಕಲಬುರಗಿಯವರಿಗೆ 110 ಕಿಲೋಮೀಟರಿನ ಸೊಲ್ಲಾಪುರ, ಎರಡೂ 600 ಕಿಲೋಮೀಟರ್ ಆಚೆಯ ಬೆಂಗಳೂರಿಗಿಂತ ಹತ್ತಿರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲೇ ಇದೆ. ಜಿಮ್ಸ್, ಬ್ರಿಮ್ಸ್, ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಮೂರೂ ಜಿಲ್ಲೆಗಳಲ್ಲಿವೆ. ಆರಿಸುವಾಗ ಕಟ್ಟಡ ನೋಡುವುದಕ್ಕಿಂತ ಒಂದು ಪ್ರಶ್ನೆ ಕೇಳುವುದು ಮೇಲು: ಈ ಶಸ್ತ್ರಜ್ಞರು ವರ್ಷಕ್ಕೆ ಇಂಥ ಎಷ್ಟು ಜಠರದ ಆಪರೇಷನ್ ಮಾಡುತ್ತಾರೆ? ಕೇಳಿದ್ದಕ್ಕೆ ಸಿಟ್ಟಾಗುವವರಿದ್ದರೆ ಅದೂ ಒಂದು ಉತ್ತರವೇ.

ನನಗೆ ಸರಿತೋರುವ ಮಾರ್ಗವೆಂದರೆ ಕೆಲಸವನ್ನು ಹಂಚುವುದು. ಆಪರೇಷನ್ ಒಂದೇ ಸಲದ್ದು, ಅದಕ್ಕೆ ದೂರ ಹೋಗಬಹುದು. ಕೀಮೋ ಎಂಟು ಸಲದ್ದು, ಎರಡು ವಾರಕ್ಕೊಮ್ಮೆ ರಾತ್ರಿ ರೈಲಿನಲ್ಲಿ ವಾಂತಿಯ ಚೀಲ ಹಿಡಿದು ಓಡಾಡುವುದಕ್ಕಿಂತ ಮನೆಗೆ ಹತ್ತಿರದಲ್ಲಿ ಪಡೆಯುವುದು ಲೇಸು. ಆದರೆ ದೂರದಲ್ಲಿ ಆಪರೇಷನ್ ಆದರೆ ಡಿಸ್ಚಾರ್ಜ್ ಆದ ದಿನವೇ ಬಸ್ ಹತ್ತಬಾರದು. ಕರುಳಿನ ಜೋಡಣೆ ಸೋರುವ ಅಪಾಯವಿರುವುದು ಮೊದಲ ಎರಡು ವಾರಗಳಲ್ಲಿ. ಜ್ವರ, ಏರಿದ ನಾಡಿ, ಹೊಟ್ಟೆ ಉಬ್ಬರ ಕಂಡರೆ ಅದೇ ತಂಡದ ಕೈಗೆ ಗಂಟೆಗಳೊಳಗೆ ತಲುಪುವಂತಿರಬೇಕು.

ಹಣದ ವಿಷಯ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ರಾಜ್ಯದ ಗಡಿ ದಾಟಿದರೆ ಆ ಕಾರ್ಡ್ ಆ ನಿರ್ದಿಷ್ಟ ಆಸ್ಪತ್ರೆಯಲ್ಲಿ, ಈ ನಿರ್ದಿಷ್ಟ ಆಪರೇಷನ್ನಿಗೆ ನಡೆಯುತ್ತದೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಎಲ್ಲಿಗೇ ಹೋದರೂ ಬಯಾಪ್ಸಿಯ ಸ್ಲೈಡುಗಳನ್ನೂ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಸಿ.ಟಿ.ಯ ಸಿ.ಡಿ.ಯನ್ನೂ ಕೇಳಿ ಪಡೆದು ಒಯ್ಯಿರಿ. ಬರೀ ವರದಿಯ ಹಾಳೆ ಸಾಲದು.

ಆಮೇಲಿನ ಊಟ

ಆರು ತಿಂಗಳಲ್ಲಿ ದೇಹದ ತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವರಿಗೆ ಆಪರೇಷನ್ನಿಗೆ ಮೊದಲು ಒಂದೆರಡು ವಾರವಾದರೂ ಪೌಷ್ಟಿಕ ಆಹಾರ ಕೊಟ್ಟು ಕಸುವು ತುಂಬಬೇಕು. ಆಮೇಲಿನ ಬದುಕಿನಲ್ಲಂತೂ ಊಟದ ಕ್ರಮವೇ ಬದಲು. ಎರಡು ಹೊತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಉಂಡು ಬೆಳೆದವರಿಗೆ ಇದು ಆಪರೇಷನ್ನಿಗಿಂತ ಕಷ್ಟದ್ದು. ನನ್ನ ಅತ್ತೆ ಸ್ಟೀಲಿನ ಸಣ್ಣ ವಾಟಿಯೊಂದನ್ನು ಅಳತೆ ಮಾಡಿಕೊಂಡಿದ್ದರು; ದಿನಕ್ಕೆ ಏಳು ಸಲ, ಪ್ರತಿ ಸಲ ಒಂದೇ ವಾಟಿ. ಬಿಸಿ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಹಾಕಿ, ತೊಗರಿಬೇಳೆಯ ಗಟ್ಟಿ ಕಟ್ಟನ್ನು ಕಲಸಿ, ಮೆತ್ತಗಾದ ಮೇಲೆ ಕೊಡುತ್ತಿದ್ದರು. ಊಟದ ನಡುವೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ನೀರು. ಜಾತ್ರೆಯ ದಿನ ಮಾವ ಹಟ ಹಿಡಿದು ಒಂದು ಬಟ್ಟಲು ಹುಗ್ಗಿ ಉಂಡರು. ಕಾಲು ಗಂಟೆಯೊಳಗೆ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಅದು ಹೃದಯಾಘಾತವೆಂದು ಹೆದರಿ ಆಟೋ ಕರೆಸಿದೆವು. ಜಠರವಿಲ್ಲದವರಲ್ಲಿ ಸಿಹಿ ಒಮ್ಮೆಲೇ ಕರುಳಿಗೆ ಸುರಿದಾಗ ಹೀಗಾಗುತ್ತದೆ, ಡಂಪಿಂಗ್ ಎನ್ನುತ್ತಾರೆ, ಮಲಗಿಸಿದರೆ ಇಳಿಯುತ್ತದೆ.

ಜಠರ ಪೂರ್ತಿ ಹೋದವರಿಗೆ ಬಿ12 ಜೀವಸತ್ವವನ್ನು ಆಹಾರದಿಂದ ಹೀರುವ ಶಕ್ತಿಯೂ ಹೋಗುತ್ತದೆ. ದೇಹದ ದಾಸ್ತಾನು ಒಂದೆರಡು ವರ್ಷ ನಡೆಯುವುದರಿಂದ ಕೊರತೆ ತಡವಾಗಿ, ಕಾಲು ಜೋಮು ಹಿಡಿಯುವುದರಿಂದಲೋ ಆಯಾಸದಿಂದಲೋ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಆಪರೇಷನ್ನಿಗೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ನೆನಪಿರುವುದಿಲ್ಲ. ವೈದ್ಯರು ಬರೆದುಕೊಟ್ಟ ಅಂತರದಲ್ಲಿ, ಜೀವಮಾನವಿಡೀ, ಆ ಇಂಜೆಕ್ಷನ್ ನಡೆಯಬೇಕು. ಅದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಡಬಹುದು, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದೆಯೇ ಎಂದು ನೋಡಿಕೊಂಡು, ಇಲ್ಲದಿದ್ದರೆ ಹೊರಡುವ ಮುಂಚೆ ಬರೆಸಿಕೊಂಡರಾಯಿತು.